ನಿ-ಓಲೆಸುಂಡಿನ ಗಣಿ ಎಂಜಿನು

ಉತ್ತರ ಅಕ್ಷಾಂಶ 79 ಡಿಗ್ರಿಯ ಸಮೀಪದಲ್ಲಿ, ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ಕೊಲ್ಲಿಯೊಂದರ ದಡದಲ್ಲಿ ನಿ-ಓಲೆಸುಂಡ್ ಎಂಬ ಸಣ್ಣ ಊರಿದೆ. ಭಾರತವು 2008ರಲ್ಲಿ ತೆರೆದ ‘ಹಿಮಾದ್ರಿ’ ಸಂಶೋಧನಾಲಯವಿರುವುದು ಇಲ್ಲಿಯೇ. ಇಂದು ವಿಜ್ಞಾನಿಗಳ ನೆಲೆಯಾಗಿರುವ ಈ ಊರು ಹುಟ್ಟಿದ್ದು ಕಲ್ಲಿದ್ದಲಿನಿಂದ ಎಂಬುದಕ್ಕೆ ಬಂದರಿನ ಬಳಿ ಬಯಲಲ್ಲಿ ನಿಂತಿರುವ ಪುಟ್ಟ ಉಗಿ ಎಂಜಿನೇ ಪ್ರಮಾಣ.

ಈ ಎಂಜಿನು 1909ರಲ್ಲಿ ಬರ್ಲಿನ್ನಿನ ಬೋರ್ಸಿಗ್ ಕಾರ್ಖಾನೆಯಲ್ಲಿ ನಿರ್ಮಿತವಾದುದು. ಕಿಂಗ್ಸ್ ಬೇ ಕಂಪೆನಿಯು 1916ರಲ್ಲಿ ಸ್ಥಾಪಿತವಾಗಿ, ಗಣಿಯಿಂದ ಹಡಗುಕಟ್ಟೆಗೆ 900 ಮಿಲಿಮೀಟರು ಅಗಲದ ಕಿರುಹಳಿಯನ್ನು ಹಾಕಿಸಿ, ಇದನ್ನು ದುಡಿಸಿಕೊಂಡಿತು. 1929ರಲ್ಲಿ ನಿಂತುಹೋದ ಗಣಿಗೆಲಸವು 1945ರಲ್ಲಿ ಪುನಃ ಮೊದಲಾಯಿತು. 1962ನೆಯ ನವೆಂಬರ್ 5ರಂದು ಗಣಿಯಲ್ಲಿ ಸ್ಫೋಟವಾಗಿ 21 ಮಂದಿ ಮಡಿದರು. ಮರುವರ್ಷ ಗಣಿ ಮುಚ್ಚಿತು. ಅದೇ ವರ್ಷ ಈ ಪ್ರಕರಣದ ದೆಸೆಯಿಂದ ನಾರ್ವೆಯ ಗೆರ್ಹಾರ್ಡ್‌ಸೆನ್ ಮಂತ್ರಿಮಂಡಲವೂ ಉರುಳಿತು.

ಹಿಮವು ಕಬ್ಬಿಣವನ್ನು ಕಾಪಾಡುತ್ತದೆಂಬ ನಂಬಿಕೆ ಅರ್ಧಸತ್ಯವಾದುದು. ತುಕ್ಕು ಹಿಡಿಯಲು ದ್ರವರೂಪದ ನೀರು ಬೇಕು. ಗಟ್ಟಿಯಾಗಿ ಹೆಪ್ಪುಗಟ್ಟಿದ ಒಣ ಚಳಿಯಲ್ಲಿ ಆ ಕಾರ್ಯ ನಿಧಾನವಾಗುತ್ತದೆ. ಅಪಾಯವಿರುವುದು ಚಳಿಯಲ್ಲಲ್ಲ, ಸೊನ್ನೆ ಡಿಗ್ರಿಯನ್ನು ಮತ್ತೆಮತ್ತೆ ದಾಟುವುದರಲ್ಲಿ. ಸಂದುಗಳಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಪುನಃ ಹಿಗ್ಗುತ್ತದೆ. ಸಮುದ್ರದ ಗಾಳಿ ತರುವ ಉಪ್ಪು ತುಕ್ಕನ್ನು ತ್ವರೆಗೊಳಿಸುತ್ತದೆ. ಬಿರುಗಾಳಿಯ ಹಿಮಕಣಗಳು ಬಣ್ಣವನ್ನು ಉಜ್ಜಿ ತೆಗೆಯುತ್ತವೆ. ನೆಲದ ಮೇಲ್ಪದರ ಉಬ್ಬಿ ಕುಸಿದು ಹಳಿಗಳನ್ನು ವಕ್ರಗೊಳಿಸುತ್ತದೆ. ಸ್ವಾಲ್‌ಬಾರ್ಡಿನ ಹವೆಯು ಭೂಮಂಡಲದ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿರುವುದರಿಂದ ಚಳಿಗಾಲದಲ್ಲಿಯೂ ಮಳೆ ಬೀಳುತ್ತದೆ. ಹಿಂದೆ ಚಳಿ ಕೊಟ್ಟ ರಕ್ಷಣೆ ಹೀಗೆ ಕುಗ್ಗುತ್ತಿದೆ.

ಹಾಗಾದರೆ ಎಂಜಿನನ್ನು ದಕ್ಷಿಣದ ವಸ್ತುಸಂಗ್ರಹಾಲಯಕ್ಕೆ ಒಯ್ಯುವುದು ಲೇಸಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಕಬ್ಬಿಣದ ಆಯುಸ್ಸೊಂದನ್ನೇ ಗಣಿಸಿದರೆ ಅದು ಸಾಧುವೆಂದೇ ತೋರುವುದು. ಆದರೆ 2001ರ ಸ್ವಾಲ್‌ಬಾರ್ಡ್ ಪರಿಸರ ಶಾಸನವು ತಾನಾಗಿ ರಕ್ಷಿಸುವುದು 1946ಕ್ಕೆ ಹಿಂದಿನ ಕುರುಹುಗಳನ್ನು; ಸಮಾಧಿಗಳಿಗಾದರೋ ಕಾಲದ ಮಿತಿಯಿಲ್ಲ. ಎಂದ ಮೇಲೆ 1962ರ ದುರಂತದ ಕಾಲದ ಗಣಿಯ ಅವಶೇಷಗಳಿಗೆ ಆ ಕಾಲಮಿತಿಯ ಆಶ್ರಯ ದೊರೆಯದು. ಮಿತಿಯೊಳಗೆ ಸೇರಿದ ಈ ಎಂಜಿನಾದರೋ ಯುದ್ಧಾನಂತರದ ಕಲ್ಲಿದ್ದಲನ್ನೂ ಎಳೆದದ್ದು. ಆದುದರಿಂದ ಶಾಸನದ ಗಡಿಯಾಚೆ ಉಳಿದವರ ದುಡಿಮೆಗೂ ಇದೇ ಗುರುತು. ಸ್ಥಳದಿಂದ ಬೇರ್ಪಟ್ಟರೆ ಅದು ಕೇವಲ ಒಂದು ಯಂತ್ರ. ಗಣಿಗೂ ಬಂದರಿಗೂ ನಡುವೆ ನಿಂತಿರುವಾಗ ಮಾತ್ರ ಇತಿಹಾಸದ ಆಧಾರ. ಸಂರಕ್ಷಣೆಯೆಂದರೆ ಆ ನೆಲೆಯನ್ನು ಬಿಡಿಸದೆ, ವರ್ಷವರ್ಷವೂ ಉಪ್ಪು ತೊಳೆದು ಬಣ್ಣ ಬಳಿಯುವ ದೀರ್ಘ ಶ್ರಮವೇ ಸರಿ.