ಓಮ್ ಮೇಷ್ಟ್ರ ಎಂಟು ತಂತಿಗಳು

ಒಮ್ಮೆ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದಾಗ ಹತ್ತನೇ ತರಗತಿಯ ಅವಧಿ ನನ್ನ ಪಾಲಿಗೆ ಬಂತು. ಭಾಷಾ ಶಿಕ್ಷಕನಾದ ನಾನು ಪಠ್ಯಪುಸ್ತಕ ತೆರೆದು, ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಭಾಗಿಸಬೇಕು ಅಂತ ಮೊದಲು ಯಾರಿಗೆ ಗೊತ್ತಾಯ್ತು? ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹುಡುಕಿದಾಗ ಸಿಕ್ಕವರು ನಮ್ಮಂತೆಯೇ ಒಬ್ಬ ಶಾಲಾ ಮೇಷ್ಟ್ರು.

ಜಾರ್ಜ್ ಸೈಮನ್ ಓಮ್ ಅವರು 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ ಹುಟ್ಟಿದರು. ತಂದೆ ಬೀಗ ಮಾಡುವ ಕುಶಲಕರ್ಮಿ. ಸ್ವಂತ ಓದಿನಿಂದಲೇ ಗಣಿತ ಕಲಿತು ಅದನ್ನು ಮಕ್ಕಳಿಗೂ ಕಲಿಸಿದವರು. ಓಮ್ 1811ರಲ್ಲಿ ಡಾಕ್ಟರೇಟ್ ಪಡೆದರೂ ದೊಡ್ಡ ಹುದ್ದೆ ಸಿಗಲಿಲ್ಲ. ಹಲವು ಕಡೆ ಪಾಠ ಹೇಳಿ, 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯೊಂದಕ್ಕೆ ಗಣಿತ ಮತ್ತು ಭೌತಶಾಸ್ತ್ರದ ಶಿಕ್ಷಕರಾಗಿ ಬಂದರು. ಆ ಶಾಲೆಯಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಪಾಠ ಮುಗಿದ ಮೇಲೆ ಅವರು ಅಲ್ಲಿಯೇ ಕೂರುತ್ತಿದ್ದರು.

ಆಗ ವೋಲ್ಟ್‌ಮೀಟರ್ ಆಗಲಿ ಆಮೀಟರ್ ಆಗಲಿ ಇರಲಿಲ್ಲ. ವೋಲ್ಟಾ ಕಂಡುಹಿಡಿದ ಬ್ಯಾಟರಿ ಇತ್ತು, ಆದರೆ ಅದರ ಬಲ ನಿಮಿಷ ನಿಮಿಷಕ್ಕೂ ಇಳಿಯುತ್ತಿತ್ತು. ತಕ್ಕಡಿಯ ಕಲ್ಲೇ ಕರಗುತ್ತಿದ್ದರೆ ತೂಕ ಮಾಡುವುದು ಹೇಗೆ? 1825ರ ಅವರ ಮೊದಲ ಪ್ರಯತ್ನ ಇದರಿಂದಲೇ ಕೆಟ್ಟಿತು. ಆಗ ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ ಬೇರೆ ದಾರಿ ಸೂಚಿಸಿದರು. ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಕೂಡುಭಾಗವನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟರೆ ಸಣ್ಣದಾದರೂ ಸ್ಥಿರವಾದ ವಿದ್ಯುತ್ ಹರಿಯುತ್ತದೆ. ಇದನ್ನು ಸೀಬೆಕ್ ಕೆಲವೇ ವರ್ಷಗಳ ಹಿಂದೆ ಕಂಡಿದ್ದರು.

1826ರ ಜನವರಿಯಲ್ಲಿ ಓಮ್ ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡರು. ಅತಿ ಚಿಕ್ಕದು 2 ಅಂಗುಲ, ಅತಿ ಉದ್ದದ್ದು 130 ಅಂಗುಲ. ತಂತಿಯ ಮೇಲೆ ತೂಗುಬಿಟ್ಟ ಕಾಂತಸೂಜಿ ವಿದ್ಯುತ್ ಹರಿದಾಗ ತಿರುಗುತ್ತದೆ. ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು ಎಷ್ಟು ತಿರುಚಬೇಕಾಯಿತು ಎಂಬುದೇ ಪ್ರವಾಹದ ಅಳತೆ. 2 ಅಂಗುಲದ ತಂತಿಗೆ 326.75 ಬಂತು, 130 ಅಂಗುಲದ್ದಕ್ಕೆ 48.5.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ತಂತಿಯ ಉದ್ದ 65 ಪಟ್ಟು ಹೆಚ್ಚಿದರೂ ಪ್ರವಾಹ ಇಳಿದದ್ದು ಏಳು ಪಟ್ಟಿಗಿಂತಲೂ ಕಡಿಮೆ. ಹಾಗಾದರೆ ನಿಯಮವೆಲ್ಲಿ? ವಿದ್ಯುತ್ ಆ ತಂತಿಯಲ್ಲಷ್ಟೇ ಹರಿಯುವುದಿಲ್ಲ, ಉಪಕರಣದ ಉಳಿದ ಭಾಗವನ್ನೂ ದಾಟಬೇಕು ಎಂಬುದನ್ನು ಓಮ್ ಕಂಡರು. ಆ ಉಳಿದ ಭಾಗ 20.25 ಅಂಗುಲ ತಂತಿಗೆ ಸಮ ಎಂದು ಹಿಡಿದರು. ಈಗ 22.25 ಮತ್ತು 150.25 ಇವನ್ನು ಹೋಲಿಸಿ ನೋಡಿ, ಲೆಕ್ಕ ಕೂಡುತ್ತದೆ. ಶಾಖದ ವ್ಯತ್ಯಾಸವನ್ನು ಕಡಿಮೆ ಮಾಡಿದಾಗ ಭಾಗಾಕಾರದ ಮೇಲಿನ ಸಂಖ್ಯೆ ಬದಲಾಯಿತು, ಕೆಳಗಿನ 20.25 ಬದಲಾಗಲಿಲ್ಲ. ಮೇಲಿನದು ನೂಕುವ ಬಲ, ಕೆಳಗಿನದು ತಡೆಯುವ ಗುಣ. ಆ ಹುಡುಗಿ ಕೇಳಿದ ಭಾಗಾಕಾರ ಹುಟ್ಟಿದ್ದು ಇಲ್ಲಿ. ಕನ್ನಡದಲ್ಲಿ ನಾವು ರೋಧ ಎನ್ನುವುದನ್ನು ಉರ್ದು ಪುಸ್ತಕಗಳು ಮುಝಾಹಮತ್ ಎನ್ನುತ್ತವೆ, ಅಂದರೆ ಎದುರು ನಿಲ್ಲುವುದು.

ಎದುರು ನಿಂತವರು ಓಮ್ ಅವರಿಗೂ ಇದ್ದರು. 1827ರಲ್ಲಿ ಬರ್ಲಿನ್‌ನಲ್ಲಿ ಅವರ ಪುಸ್ತಕ ಬಂದಾಗ ಅಲ್ಲಿನ ವಿದ್ವಾಂಸರು ತಣ್ಣಗಿದ್ದರು, ಕೆಲವರು ಹಳಿದರು. ಬಯಸಿದ್ದ ವಿಶ್ವವಿದ್ಯಾಲಯದ ಹುದ್ದೆ ಬರಲಿಲ್ಲ, ಕಲೋನಿನ ಕೆಲಸವನ್ನೂ ಬಿಟ್ಟರು. 1833ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನೆಲೆ ಸಿಗುವವರೆಗೆ ಸಣ್ಣಪುಟ್ಟ ಪಾಠಗಳಿಂದಲೇ ಜೀವನ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ನೀಡಿತು. ಮ್ಯೂನಿಕ್‌ನಲ್ಲಿ ಪೂರ್ಣ ಪ್ರಾಧ್ಯಾಪಕರಾದದ್ದು 1852ರಲ್ಲಿ, ತೀರಿಕೊಂಡದ್ದು 1854ರಲ್ಲಿ. ರೋಧದ ಅಳತೆಗೆ ಅವರ ಹೆಸರನ್ನು ಪ್ಯಾರಿಸ್ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿದ್ದು 1881ರಲ್ಲಿ.

ಗುಣಾಕಾರದ ಕಥೆ ಚಿಕ್ಕದು. ಪ್ರವಾಹ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟಾಗುತ್ತದೆ ಎಂದು ಇಂಗ್ಲೆಂಡಿನ ಜೂಲ್ 1841ರಲ್ಲಿ ತೋರಿಸಿದರು. ಸಾಮರ್ಥ್ಯದ ಮಾನಕ್ಕೆ ವ್ಯಾಟ್ ಎಂಬ ಹೆಸರನ್ನು 1882ರಲ್ಲಿ ಸೀಮೆನ್ಸ್ ಸೂಚಿಸಿದರು. ನಿಮ್ಮ ಮನೆಯ 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. 230 ವೋಲ್ಟ್‌ನಲ್ಲಿ ಅದು ಎಳೆಯುವುದು ಸುಮಾರು 4.35 ಆಂಪಿಯರ್, 230ನ್ನು 4.35ರಿಂದ ಭಾಗಿಸಿದರೆ ಅದರ ರೋಧ ಹತ್ತಿರ ಹತ್ತಿರ 53 ಓಮ್.

ಇದೇ ಲೆಕ್ಕದ ಮೇಲೆ ನಮ್ಮ ನಾಡಿನ ದೊಡ್ಡ ಕೆಲಸವೊಂದು ನಿಂತಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಒಯ್ಯಬೇಕಿತ್ತು. ಅಷ್ಟು ಉದ್ದದ ತಂತಿಯ ರೋಧ ತಪ್ಪಿಸಲಾಗದ್ದು. ಆದರೆ ವೋಲ್ಟ್ ಹತ್ತು ಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಹತ್ತನೇ ಒಂದು ಭಾಗ ಪ್ರವಾಹ ಸಾಕು, ಬಿಸಿಯಾಗಿ ಪೋಲಾಗುವುದು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕಾಗಿಯೇ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಕಳುಹಿಸಿದರು. ಬೆಂಗಳೂರಿನ ಬೀದಿಗಳಿಗೆ ಅಲ್ಲಿಂದ ದೀಪ ಬಂದದ್ದು ಮೂರು ವರ್ಷಗಳ ನಂತರ, 1905ರಲ್ಲಿ.