ಮುಳುಗುವವರು ಮತ್ತು ದಡದಲ್ಲಿ ಉಳಿಯುವವರು: ಡೈವಿಂಗ್ ತಂಗುದಾಣದ ಆಯ್ಕೆ

ನಾನು ವಾಸವಾಗಿರುವ ಊರಿನ ಹೆಸರು ಜೂಟರ್‌ಮೀರ್. ಡಚ್ ಭಾಷೆಯಲ್ಲಿ ಉಪ್ಪಿಲ್ಲದ ನೀರನ್ನು, ಕನ್ನಡದಲ್ಲಿ ನಾವು ಹೇಳುವಂತೆಯೇ, ‘ಸಿಹಿನೀರು’ ಎನ್ನುತ್ತಾರೆ. ಹಾಗಾಗಿ ಊರಿನ ಹೆಸರನ್ನು ‘ಸಿಹಿನೀರಿನ ಸರೋವರ’ ಎಂದು ಅನುವಾದಿಸಬಹುದು. ಹೆಸರು ಕೊಟ್ಟ ಆ ಸರೋವರ ಈಗ ಇಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿಯೇ ಗಾಳಿಯಂತ್ರಗಳಿಂದ ನೀರೆತ್ತಿ ಅದನ್ನು ಹೊಲವಾಗಿಸಿದರು. ಊರಿನ ಉತ್ತರಕ್ಕೆ, ನೋರ್ಡ್ ಆ ಎಂಬ ವಿಹಾರಪ್ರದೇಶದಲ್ಲಿ ಇಂದು ಕಾಣುವ ಕೆರೆ ಮರಳು ತೆಗೆದ ಹೊಂಡದಲ್ಲಿ ನಿಂತ ನೀರು. ಭಾನುವಾರ ಬೆಳಿಗ್ಗೆ ಅದರ ದಡದಲ್ಲಿ ಕಪ್ಪು ರಬ್ಬರಿನ ಉಡುಪು ತೊಟ್ಟು, ಬೆನ್ನಿಗೆ ಸಿಲಿಂಡರ್ ಕಟ್ಟಿ, ಮಂಜಿನೊಳಗೆ ಹಿಮ್ಮುಖವಾಗಿ ನಡೆದು ನೀರಿಗಿಳಿಯುವವರನ್ನು ಕಂಡೇ ನನಗೆ ಈ ಹವ್ಯಾಸ ಹತ್ತಿದ್ದು.

ಕಲಿಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಎಲ್ಲಿಗೆ, ಯಾರೊಡನೆ ಹೋಗುವುದೆಂಬ ಪ್ರಶ್ನೆ. ಕೆಲವು ವರ್ಷ ನಾನು ಒಬ್ಬನೇ ಪ್ರಯಾಣ ಮಾಡಿದೆ. ಆಮೇಲೆ ಪತ್ನಿಯೊಡನೆ, ಸಾಗರದಿಂದ ಬೇಸಿಗೆಗೆಂದು ಬಂದ ತಾಯಿಯೊಡನೆ ಹೋದೆ. ಅವರಿಬ್ಬರೂ ನೀರಿಗೆ ಇಳಿಯುವವರಲ್ಲ. ಒಂಟಿ ಡೈವರನಿಗೆ ಬೇಕಾದುದು ಬೇರೆ, ಡೈವ್ ಮಾಡದ ಒಡನಾಡಿಗೆ ಬೇಕಾದುದು ಬೇರೆ. ರೆಸಾರ್ಟಿನ ಜಾಹೀರಾತು ಇಬ್ಬರಿಗೂ ಒಂದೇ ಚಿತ್ರವನ್ನು ತೋರಿಸುತ್ತದೆ: ನೀಲಿ ನೀರು, ಬಿಳಿ ಮರಳು, ಎರಡು ಕುರ್ಚಿ. ಯುರೋಪಿನಲ್ಲಿ ನೆಲೆಸಿ ಆಗಾಗ ಊರಿಗೆ ಹೋಗುವ ಕನ್ನಡಿಗರಿಗೆ ಪ್ರಯೋಜನವಾಗಬಹುದೆಂದು, ತಪ್ಪು ಮಾಡಿಯೇ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂಟಿ ಪ್ರಯಾಣಿಕರ ವಿಷಯ. ಮನರಂಜನೆಯ ಡೈವಿಂಗ್‌ನಲ್ಲಿ ಒಬ್ಬರೇ ಇಳಿಯುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಜೊತೆಗಾರನಿರಬೇಕು, ಅವನಿಗೆ ‘ಬಡ್ಡಿ’ ಎಂದು ಹೆಸರು. ನಮ್ಮ ಬಡ್ಡಿಯಂತೆ ಇದು ಬೆಳೆಯುವುದಿಲ್ಲ, ಆದರೆ ಕೆಟ್ಟದಾದರೆ ಅದರಷ್ಟೇ ಕಾಡುತ್ತದೆ. ಒಬ್ಬರೇ ಹೋದಾಗ ರೆಸಾರ್ಟ್ ಅಪರಿಚಿತನೊಬ್ಬನನ್ನು ಜೊತೆಗೆ ಕಟ್ಟುತ್ತದೆ. ಆತ ನಿಮಗಿಂತ ಎರಡು ಪಟ್ಟು ವೇಗವಾಗಿ ಗಾಳಿ ಮುಗಿಸುವವನಾದರೆ ಇಬ್ಬರ ಡೈವ್ ಕೂಡ ಅರ್ಧಕ್ಕೇ ಮುಗಿಯುತ್ತದೆ. ಕ್ಯಾಮೆರಾ ಹಿಡಿದು ಒಂದೇ ಕಲ್ಲಿನ ಮುಂದೆ ಇಪ್ಪತ್ತು ನಿಮಿಷ ನಿಲ್ಲುವವನಾದರೆ ನೀವೂ ನಿಲ್ಲಬೇಕು. ಆದುದರಿಂದ ಕೋಣೆ ಕಾಯ್ದಿರಿಸುವ ಮೊದಲೇ ಕೇಳಬೇಕಾದ ಪ್ರಶ್ನೆ, ಒಬ್ಬ ಮಾರ್ಗದರ್ಶಿಯೊಡನೆ ಎಷ್ಟು ಜನ ಇಳಿಯುತ್ತಾರೆ ಎಂಬುದು. ನಾಲ್ಕು ಎಂದರೆ ನೆಮ್ಮದಿ. ಎಂಟು ಎಂದರೆ, ಜೊತೆಯಿಲ್ಲದೆ ಬಂದವನು ಸಾಲಿನ ಕೊನೆಯಲ್ಲಿ ಇರುತ್ತಾನೆಂದು ತಿಳಿಯಬೇಕು. ಹಣದ ಮಾತೂ ಇದೆ. ಕೋಣೆಯ ಬೆಲೆಯನ್ನು ಇಬ್ಬರಿಗೆಂದು ಲೆಕ್ಕ ಹಾಕಿರುತ್ತಾರೆ. ಒಬ್ಬರೇ ಬಂದರೆ ಹೆಚ್ಚುವರಿ ಶುಲ್ಕ. ವಾರಗಟ್ಟಲೆ ಸಮುದ್ರದ ಮೇಲೆಯೇ ಇರುವ ಡೈವ್ ಹಡಗುಗಳಲ್ಲಿ ಕ್ಯಾಬಿನ್ ಹಂಚಿಕೊಳ್ಳಲು ಒಪ್ಪಿದರೆ ಅದನ್ನು ಬಿಡುವುದುಂಟು. ಒಂಟಿ ಡೈವರನಿಗೆ ಅಂಥ ಹಡಗು ಅತ್ಯುತ್ತಮ: ಊಟ, ಮಾತು, ಜೊತೆಗಾರ ಎಲ್ಲವೂ ಒಂದೇ ಮೇಜಿನ ಸುತ್ತ ಸಿಗುತ್ತವೆ. ಡೈವ್ ಮಾಡದ ಒಡನಾಡಿಗೆ ಅದೇ ಹಡಗು ಸೆರೆಮನೆ.

ನೆದರ್ಲೆಂಡ್ಸ್‌ನಲ್ಲಿ ಇರುವವರಿಗೆ ಇನ್ನೊಂದು ದಾರಿಯಿದೆ. 1962ರಲ್ಲಿ ಸ್ಥಾಪನೆಯಾದ ಇಲ್ಲಿನ ನೀರಡಿ ಕ್ರೀಡಾ ಒಕ್ಕೂಟಕ್ಕೆ ಸೇರಿದ ಕ್ಲಬ್ಬುಗಳು ಅನೇಕ ಊರುಗಳಲ್ಲಿವೆ. ಅವು ಚಳಿಗಾಲದಲ್ಲಿ ಈಜುಕೊಳದಲ್ಲಿ ಅಭ್ಯಾಸ ನಡೆಸಿ, ಬೇಸಿಗೆಯಲ್ಲಿ ಗುಂಪಾಗಿ ಪ್ರವಾಸ ಹೋಗುತ್ತವೆ. ಒಂದು ಚಳಿಗಾಲ ಕ್ಲಬ್ಬಿನಲ್ಲಿ ಕಳೆದ ಮೇಲೆ ನಾನು ಜೊತೆಗಾರನಿಲ್ಲದೆ ಪ್ರಯಾಣ ಮಾಡಿದ್ದು ಕಡಿಮೆ. ಡಚ್ ಭಾಷೆ ಸುಧಾರಿಸಿದ್ದು ಬೋನಸ್ಸು.

ಇನ್ನು ಒಡನಾಡಿಗಳ ವಿಷಯ. ಒಮ್ಮೆ ನಾನು ಕೆಂಪು ಸಮುದ್ರದ ತೀರದಲ್ಲಿ, ಹತ್ತಿರದ ಊರಿನಿಂದ ಬಹಳ ದೂರವಿದ್ದ ಒಂದು ರೆಸಾರ್ಟನ್ನು ಆರಿಸಿದೆ. ಹವಳದ ದಿಬ್ಬ ಬಾಗಿಲಲ್ಲೇ ಇತ್ತು, ನನಗೆ ಸ್ವರ್ಗ. ಬೆಳಿಗ್ಗೆ ಎಂಟಕ್ಕೆ ಹೋದವನು ಮಧ್ಯಾಹ್ನ ಎರಡಕ್ಕೆ ಬಂದು, ಉಂಡು, ಮಲಗಿ, ಮತ್ತೆ ಹೋಗುತ್ತಿದ್ದೆ. ನಾಲ್ಕನೆಯ ದಿನ ಪತ್ನಿ ಹೇಳಿದಳು, ‘ಇಲ್ಲಿ ನಾನು ನಿನ್ನ ಒದ್ದೆ ಬಟ್ಟೆ ಕಾಯುವವಳು’. ತಪ್ಪು ರೆಸಾರ್ಟಿನದಲ್ಲ. ನಾನು ಆರಿಸಿದ್ದು ನನಗಾಗಿ, ಹೇಳಿದ್ದು ನಮಗಾಗಿ.

ಅಂದಿನಿಂದ ನಾನು ನಕ್ಷೆಯಲ್ಲಿ ಮೊದಲು ನೋಡುವುದು ಹವಳದ ದಿಬ್ಬವನ್ನಲ್ಲ, ಊರನ್ನು. ತಂಗುದಾಣದ ಬಾಗಿಲಿನಿಂದ ಕಾಲ್ನಡಿಗೆಯಲ್ಲಿ, ಯಾರನ್ನೂ ಕೇಳದೆ, ಕಾರಿಲ್ಲದೆ ತಲುಪಬಹುದಾದ ಅಂಗಡಿ, ಚಹಾ, ಜನ ಇದ್ದಾರೆಯೇ? ವಿಚಿತ್ರವೆಂದರೆ, ಒಂಟಿ ಪ್ರಯಾಣಿಕನ ಸಂಜೆಗಳಿಗೆ ಬೇಕಾದುದೂ ಅದೇ. ಸಿನಾಯ್ ತೀರದ ದಹಬ್ ಈ ಕಾರಣಕ್ಕೆ ಇಬ್ಬರಿಗೂ ಒಪ್ಪುವ ಊರು. ಡೈವ್ ಕೇಂದ್ರಗಳೂ ಉಪಾಹಾರ ಗೃಹಗಳೂ ಕಡಲ ದಂಡೆಯ ಒಂದೇ ಕಾಲುದಾರಿಯಲ್ಲಿವೆ. ದಡದಿಂದಲೇ ನೀರಿಗಿಳಿಯುವುದರಿಂದ, ಈಜು ಬಲ್ಲ ಒಡನಾಡಿ ಮುಖವಾಡ ಮತ್ತು ಉಸಿರುಕೊಳವೆ ಹಾಕಿಕೊಂಡು ಅದೇ ಮೀನುಗಳನ್ನು ಮೇಲಿನಿಂದ ನೋಡಬಹುದು. ಡಚ್ಚರು ಬಹಳ ಮೆಚ್ಚುವ ಕೆರಿಬಿಯನ್ನಿನ ಬೊನೇರ್ ದ್ವೀಪ ಇದಕ್ಕೆ ಸ್ವಲ್ಪ ಭಿನ್ನ. 2010ರಿಂದ ಅದು ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಸುತ್ತಲಿನ ಸಮುದ್ರ 1979ರಿಂದಲೇ ಸಂರಕ್ಷಿತ. ರಸ್ತೆ ಬದಿಯ ಹಳದಿ ಕಲ್ಲುಗಳ ಮೇಲೆ ಡೈವ್ ತಾಣಗಳ ಹೆಸರು ಬರೆದಿರುತ್ತದೆ. ಬಾಡಿಗೆ ಟ್ರಕ್ಕಿನಲ್ಲಿ ಹೋಗಿ ತಾವಾಗಿಯೇ ಇಳಿಯುವುದು ಅಲ್ಲಿನ ರೂಢಿ. ಜೊತೆಗಾರನಿದ್ದವನಿಗೆ ಅದು ಸ್ವಾತಂತ್ರ್ಯ, ಇಲ್ಲದವನಿಗೆ ತೊಡಕು. ಡೈವ್ ಮಾಡದವರಿಗಾದರೋ ಫ್ಲೆಮಿಂಗೊ ಹಕ್ಕಿಗಳಿವೆ, ಉಪ್ಪಿನ ಗದ್ದೆಗಳಿವೆ, ಸೊರೊಬಾನ್‌ನಲ್ಲಿ ಗಾಳಿಪಟ್ಟಿಯ ಸವಾರಿ ಕಲಿಯಲು ಸೊಂಟದಷ್ಟು ನೀರಿದೆ.

ಆದರೆ ಅಷ್ಟು ದೂರ ಏಕೆ? ಜೂಟರ್‌ಮೀರ್‌ನಿಂದ ಕಾರಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಜೀಲಂಡ್ ಪ್ರಾಂತದ ದ್ವೀಪಗಳನ್ನು ಸೇರಬಹುದು. ಅಲ್ಲಿ ಎರಡು ನೀರುಗಳಿವೆ, ಎರಡರ ಸ್ವಭಾವವೂ ಬೇರೆ. 1971ರಲ್ಲಿ ಬ್ರೌವರ್ಸ್ ಅಣೆಕಟ್ಟು ಮುಗಿದ ಮೇಲೆ ಗ್ರೆವೆಲಿಂಗನ್ ಉಪ್ಪುನೀರಿನ ಸರೋವರವಾಯಿತು. ಅಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ, ಹೊಸಬರು ಯಾವ ಹೊತ್ತಿಗೂ ಇಳಿಯಬಹುದು. ಪಕ್ಕದ ಓಸ್ಟರ್‌ಸ್ಕೆಲ್ಡೆ ಹಾಗಲ್ಲ. ಅದರ ಬಾಯಿಗೆ 1986ರಲ್ಲಿ ಉದ್ಘಾಟನೆಯಾದ ತಡೆಗೋಡೆ ಬಿರುಗಾಳಿಯ ಸಮಯದಲ್ಲಿ ಮಾತ್ರ ಮುಚ್ಚುವಂಥದು. ಉಳಿದ ದಿನಗಳಲ್ಲಿ ಸಮುದ್ರ ಒಳಕ್ಕೂ ಹೊರಕ್ಕೂ ಹರಿಯುತ್ತದೆ. ಉಬ್ಬರ ಇಳಿತವಾಗಿ ತಿರುಗುವ ಸ್ವಲ್ಪ ಹೊತ್ತು ನೀರು ನಿಂತಂತಿರುತ್ತದೆ. ಡೈವ್ ಮಾಡಬೇಕಾದುದು ಆಗಲೇ. ವಸಂತದಲ್ಲಿ ಸೆಪಿಯಾ ಎಂಬ ಕಪ್ಪೆಬೊಂಡಾಸು ಮೊಟ್ಟೆಯಿಡಲು ಅಲ್ಲಿಗೆ ಬರುತ್ತದೆ. ಕ್ಷಣಕ್ಕೊಮ್ಮೆ ಬಣ್ಣ ಬದಲಿಸುವ ಆ ಪ್ರಾಣಿಯನ್ನು ಒಮ್ಮೆ ಕಂಡವರು ಹತ್ತು ಡಿಗ್ರಿಯ ನೀರನ್ನು ಮರೆಯುತ್ತಾರೆ.

ಒಂದು ಮೇ ತಿಂಗಳಲ್ಲಿ ತಾಯಿಯನ್ನೂ ಪತ್ನಿಯನ್ನೂ ಕರೆದುಕೊಂಡು ಜೀರಿಕ್‌ಜೇ ಬಳಿ, ಐದು ಕಿಲೋಮೀಟರ್ ಉದ್ದದ ಜೀಲಂಡ್ ಸೇತುವೆಯ ಬುಡಕ್ಕೆ ಹೋಗಿದ್ದೆ. ಪತ್ನಿ ಊರು ನೋಡಲು ಹೋದಳು. ತಾಯಿ ಕಾಫಿಯ ಫ್ಲಾಸ್ಕ್ ಹಿಡಿದು ಕಟ್ಟೆಯ ಮೇಲೆ ಕುಳಿತಳು. ನಲವತ್ತು ನಿಮಿಷದಲ್ಲಿ ಬರುತ್ತೇನೆಂದು ಹೇಳಿ ನಾನು ಜೊತೆಗಾರನೊಡನೆ ಇಳಿದೆ. ಸೆಪಿಯಾ ನೋಡುತ್ತ ಹೊತ್ತು ಮೀರಿತು, ನೀರು ತಿರುಗಿತು. ನಾವು ಮೇಲೆ ಬಂದದ್ದು ಇಳಿದ ಜಾಗದಿಂದ ಬಹಳ ದೂರದಲ್ಲಿ. ಜಾರುವ ಕಲ್ಲುಗಳನ್ನು ಹತ್ತಿ, ಭಾರ ಹೊತ್ತು, ಕಟ್ಟೆಯ ಮೇಲೆ ನಡೆದು ಬರುವ ಹೊತ್ತಿಗೆ ಒಂದೂಕಾಲು ಗಂಟೆ ಕಳೆದಿತ್ತು. ನಮಗೇನೂ ಆಗಿರಲಿಲ್ಲ. ತಾಯಿ ಬೇರೊಂದು ಗುಂಪಿನ ಡಚ್ ಡೈವರುಗಳ ಮುಂದೆ ನಿಂತು, ನೀರಿನ ಕಡೆ ಕೈ ತೋರಿಸಿ, ಅವರಿಗೆ ತಿಳಿಯದ ಕನ್ನಡದಲ್ಲಿ ಮಾತಾಡುತ್ತಿದ್ದಳು. ಅವಳು ನನ್ನನ್ನು ಬೈಯಲಿಲ್ಲ. ‘ಎಷ್ಟು ಹೊತ್ತಿಗೆ ಬರುತ್ತೀ ಎಂದು ಹೇಳಿದೆ. ಬರದಿದ್ದರೆ ಯಾರನ್ನು ಕೇಳಬೇಕು ಎಂದು ಹೇಳಲಿಲ್ಲವಲ್ಲ’ ಎಂದಳು.

ತಂಗುದಾಣಕ್ಕೆ ಬರೆಯುವ ಪತ್ರದಲ್ಲಿ ನಾನು ಈಗ ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ಡೈವರುಗಳು ನೀರಿನಲ್ಲಿರುವಾಗ ದಡದಲ್ಲಿ ಅಥವಾ ದೋಣಿಯಲ್ಲಿ ಯಾರು ಇರುತ್ತಾರೆ? ಯಾರು ಇಳಿದರು, ಯಾರು ಬಂದರು ಎಂದು ಬರೆದಿಡುತ್ತಾರೆಯೇ? ಆಮ್ಲಜನಕದ ಪೆಟ್ಟಿಗೆ ಎಲ್ಲಿದೆ? ಒತ್ತಡ ಚಿಕಿತ್ಸೆಯ ಕೊಠಡಿ ಎಷ್ಟು ದೂರ? ಜೀಲಂಡ್‌ನಲ್ಲಿ ಹೂಸ್ ಪಟ್ಟಣದಲ್ಲಿ ಅಂಥ ಕೊಠಡಿಯಿದೆ. ಉತ್ತರದ ಡೆನ್ ಹೆಲ್ಡರ್‌ನಲ್ಲಿ ನೌಕಾಪಡೆಯದ್ದಿದೆ. ಒಡನಾಡಿಗೂ ಒಂದು ಚೀಟಿ ಕೊಡುತ್ತೇನೆ: ಇಳಿದ ಸಮಯ, ಮರಳಬೇಕಾದ ಸಮಯ, ಕೇಂದ್ರದ ದೂರವಾಣಿ, ಕೊನೆಗೆ 112. ನಾನು ಕೊಟ್ಟ ಗಡುವು ಮೀರಿದರೆ ಸಂಕೋಚವಿಲ್ಲದೆ ಕರೆ ಮಾಡಬೇಕೆಂದು ಒಪ್ಪಂದ.

ಜೀಲಂಡ್ ಒಡನಾಡಿಗಳಿಗೆ ಬಹಳ ಒಳ್ಳೆಯ ಜಾಗ. ಜೀರಿಕ್‌ಜೇಯ ಹಳೆಯ ಬಂದರು ದ್ವಾರಗಳು, ಬ್ರೌವರ್ಸ್ ಅಣೆಕಟ್ಟಿನ ಆಚೆಯ ಮರಳ ದಂಡೆ ಒಂದು ದಿನಕ್ಕೆ ಸಾಕು. ತಾಯಿಗೆ ಎಲ್ಲಕ್ಕಿಂತ ಹಿಡಿಸಿದ್ದು ಔವರ್‌ಕೆರ್ಕ್‌ನ ಪ್ರವಾಹ ವಸ್ತುಸಂಗ್ರಹಾಲಯ. 1953ರ ಫೆಬ್ರವರಿ 1ರ ನಸುಕಿನಲ್ಲಿ ಕಟ್ಟೆಗಳೊಡೆದು ಈ ದೇಶದಲ್ಲಿ 1836 ಜನ ಸತ್ತರು. ಔವರ್‌ಕೆರ್ಕ್‌ನ ಕೊನೆಯ ಬಿರುಕನ್ನು ಮುಚ್ಚಲು ಮುಳುಗಿಸಿದ ನಾಲ್ಕು ದೈತ್ಯ ಕಾಂಕ್ರೀಟ್ ಪೆಟ್ಟಿಗೆಗಳೊಳಗೇ ಆ ಸಂಗ್ರಹಾಲಯವಿದೆ. ಸಸ್ಯಾಹಾರಿಗಳು ಮಾತ್ರ ಮೊದಲೇ ವಿಚಾರಿಸಬೇಕು. ಅದು ಚಿಪ್ಪುಮೀನಿನ ನಾಡು.

ಊರಿಗೆ ಹೋದಾಗ ಡೈವ್ ಮಾಡಬಯಸುವವರಿಗೆ ಮುರ್ಡೇಶ್ವರ ಇದೆ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ನೀರು ಬೆಚ್ಚಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ಹೋಗುವಂತಿಲ್ಲ. ದ್ವೀಪದಲ್ಲಿ ವಸತಿಯಿಲ್ಲ, ಎಲ್ಲರೂ ಮುರ್ಡೇಶ್ವರದಲ್ಲೇ ತಂಗಬೇಕು. ಇದೇ ಒಡನಾಡಿಗಳಿಗೆ ಅನುಕೂಲ. ದೇವಸ್ಥಾನ, ಇಪ್ಪತ್ತು ಅಂತಸ್ತಿನ ಗೋಪುರ, ಕಡಲ ದಂಡೆ, ನಮ್ಮ ಊಟ, ಕೊಂಕಣ ರೈಲಿನ ನಿಲ್ದಾಣ ಎಲ್ಲವೂ ಹತ್ತಿರ. ದೋಣಿಯಲ್ಲಿ ಸುಮ್ಮನೆ ಜೊತೆಗೆ ಬರುವವರಿಗೂ ಹಣ ತೆಗೆದುಕೊಳ್ಳುತ್ತಾರೆಯೇ, ನೆರಳಿದೆಯೇ ಎಂದು ಕೇಳಿಕೊಳ್ಳಬೇಕು. ಲಂಗರು ಹಾಕಿದ ದೋಣಿ ಓಡುವ ದೋಣಿಗಿಂತ ಹೆಚ್ಚು ಹೊಯ್ದಾಡುತ್ತದೆ. ವಾಂತಿಯಾಗುವುದು ಮೇಲೆ ಕುಳಿತವರಿಗೆ, ಕೆಳಗೆ ಇಳಿದವರಿಗಲ್ಲ. ತರಬೇತಿಯಿಲ್ಲದವರನ್ನೂ ಬೋಧಕನೊಡನೆ ಒಮ್ಮೆ ಇಳಿಸುವ ಪರಿಚಯ ಡೈವ್‌ಗೆ ಗರಿಷ್ಠ ಆಳ 12 ಮೀಟರ್. ಒಡನಾಡಿ ತಾನಾಗಿ ಬಯಸಿದರೆ ಮಾತ್ರ ಅದಕ್ಕೆ ಹೆಸರು ಕೊಡಬೇಕು. ‘ಬಂದದ್ದಾಯಿತಲ್ಲ, ಒಮ್ಮೆ ಇಳಿ’ ಎಂದು ಪುಸಲಾಯಿಸಿ ಇಳಿಸಿದವರು ನೀರೊಳಗೆ ಗಾಬರಿಗೊಳ್ಳುವುದನ್ನು ನಾನು ಕಂಡಿದ್ದೇನೆ.

ಆರೋಗ್ಯದ ಪ್ರಶ್ನಾವಳಿಯನ್ನು ಹೊರಡುವ ತಿಂಗಳುಗಳ ಮೊದಲೇ ನೋಡಿಡಬೇಕು. ಆಸ್ತಮಾ, ಹೃದಯ, ಕಿವಿ ಮುಂತಾದ ಪ್ರಶ್ನೆಗಳಲ್ಲಿ ಒಂದಕ್ಕೆ ಹೌದು ಎಂದರೂ ವೈದ್ಯರ ಸಹಿ ಬೇಕಾಗಬಹುದು. ನೆದರ್ಲೆಂಡ್ಸ್‌ನಲ್ಲಿ ಮನೆವೈದ್ಯರು ತಮ್ಮದೇ ರೋಗಿಗಳಿಗೆ ಇಂಥ ಪ್ರಮಾಣಪತ್ರ ಕೊಡುವುದಿಲ್ಲ. ಡೈವಿಂಗ್ ಅಥವಾ ಕ್ರೀಡಾ ವೈದ್ಯರ ಬಳಿ ಸಮಯ ಪಡೆಯಬೇಕು.

ಕುಟುಂಬದೊಡನೆ ಹೋದವರು ಬಹಳಷ್ಟು ಸಲ ಎಡವುವುದು ದಿನಗಳ ಜೋಡಣೆಯಲ್ಲಿ. ಡೈವ್ ಮಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ಹೊರಬೀಳಲು ಹೊತ್ತು ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ತಗ್ಗಿ ಗುಳ್ಳೆಗಳಾಗುವ ಅಪಾಯ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬುದು ಸಾಮಾನ್ಯ ಸೂಚನೆ. ವಿಮಾನದ ಮಾತು ಎಲ್ಲರಿಗೂ ನೆನಪಿರುತ್ತದೆ, ಘಟ್ಟದ ಮಾತು ಇರುವುದಿಲ್ಲ. ಆ ಸೂಚನೆ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆಲ್ಲ ಅನ್ವಯಿಸುತ್ತದೆ. ಬೆಂಗಳೂರು 900 ಮೀಟರಿನಷ್ಟು ಎತ್ತರದಲ್ಲಿದೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ, ಸಂಜೆಯೇ ಕಾರಿನಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವುದು ಸರಿಯಲ್ಲ. ದಹಬ್‌ನಿಂದ ಸಂತ ಕ್ಯಾಥರೀನ್ ಮಠಕ್ಕೂ 2285 ಮೀಟರ್ ಎತ್ತರದ ಸಿನಾಯ್ ಬೆಟ್ಟಕ್ಕೂ ಹೋಗುವ ಪ್ರವಾಸಕ್ಕೂ ಇದೇ ನಿಯಮ. ಆದುದರಿಂದ ಒಡನಾಡಿಗಳು ಬಯಸಿದ ಬೆಟ್ಟ, ಜಲಪಾತ, ಘಟ್ಟಗಳನ್ನು ಮೊದಲ ದಿನಗಳಲ್ಲಿ ಮುಗಿಸಿ, ಡೈವ್‌ಗಳನ್ನು ನಡುವೆ ಇಟ್ಟು, ಕೊನೆಯ ಒಂದು ಇಡೀ ದಿನವನ್ನು ಸಮುದ್ರಮಟ್ಟದಲ್ಲೇ ಖಾಲಿ ಬಿಡುವುದು ಉತ್ತಮ.

ಮುಂದಿನ ಡಿಸೆಂಬರಿಗೆ ನಮ್ಮ ಏರ್ಪಾಡು ಹೀಗಿದೆ: ಸಾಗರದಿಂದ ಹೊರಟು ಮೊದಲು ಜೋಗ, ಅಲ್ಲಿಂದ ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರ, ಇಡಗುಂಜಿ, ಆಮೇಲೆ ಮುರ್ಡೇಶ್ವರದಲ್ಲಿ ಮೂರು ರಾತ್ರಿ. ಎರಡನೆಯ ದಿನ ಮಾತ್ರ ನನಗೆ ದೋಣಿ. ಮೂರನೆಯ ದಿನ ಏನು ಮಾಡಬೇಕೆಂಬುದನ್ನು ತಾಯಿ ಇನ್ನೂ ಹೇಳಿಲ್ಲ. ದೋಣಿ ಮರಳುವ ಹೊತ್ತನ್ನು ಮಾತ್ರ ಫೋನಿನಲ್ಲಿ ಎರಡು ಸಲ ಕೇಳಿದ್ದಾಳೆ.