ರಾಣಿಯ ರಜತೋತ್ಸವ ಕೆಡಿಸಿದ ಹಾಡು: ‘ಗಾಡ್ ಸೇವ್ ದಿ ಕ್ವೀನ್’

1977ರ ಜೂನ್ ತಿಂಗಳಲ್ಲಿ ಬ್ರಿಟನ್‌ನ ಕೆಲವು ಅಂಗಡಿಗಳಲ್ಲಿ ತೂಗುಹಾಕಿದ್ದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನ ಖಾಲಿ ಉಳಿದಿತ್ತು. ಹಾಡೂ ಇರಲಿಲ್ಲ, ಹಾಡಿದವರ ಹೆಸರೂ ಇರಲಿಲ್ಲ. ಆ ಸ್ಥಾನಕ್ಕೆ ಬಂದದ್ದು ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ತಂಡದ ‘ಗಾಡ್ ಸೇವ್ ದಿ ಕ್ವೀನ್’ ಎಂಬುದು ಎಲ್ಲರಿಗೂ ಗೊತ್ತಿತ್ತು.

ರಾಣಿ ಎರಡನೇ ಎಲಿಜಬೆತ್ ಸಿಂಹಾಸನವೇರಿ 25 ವರ್ಷ ತುಂಬಿದ ಸಂಭ್ರಮದಲ್ಲಿ ದೇಶ ಮುಳುಗಿದ್ದ ಕಾಲವದು. ಸಂಭ್ರಮದ ಹಿಂದಿನ ಚಿತ್ರ ಬೇರೆಯೇ ಇತ್ತು. ಹಿಂದಿನ ವರ್ಷವಷ್ಟೇ ಬ್ರಿಟನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕಾಗಿ ಕೈಚಾಚಿತ್ತು. ನಿರುದ್ಯೋಗಿಗಳ ಸಂಖ್ಯೆ 10 ಲಕ್ಷ ದಾಟಿತ್ತು. ರಾಷ್ಟ್ರಗೀತೆಯ ಹೆಸರನ್ನೇ ಎತ್ತಿಕೊಂಡ ಹಾಡು ರಾಣಿಯ ಆಳ್ವಿಕೆಯನ್ನು ಫ್ಯಾಸಿಸ್ಟ್ ಎಂದು ಕರೆದು, ಈ ದೇಶದ ಯುವಕರಿಗೆ ಭವಿಷ್ಯವೇ ಇಲ್ಲವೆಂದು ಸಾರಿತು. ಅದರ ಮೊದಲ ಹೆಸರೂ ‘ನೋ ಫ್ಯೂಚರ್’ ಎಂದೇ ಇತ್ತು. ಆಂಗ್ಲ ಜನರ ಮೇಲಿನ ದ್ವೇಷದಿಂದಲ್ಲ, ಪ್ರೀತಿಯಿಂದಲೇ ಬರೆದದ್ದು ಎಂಬುದು ಗಾಯಕ ಜಾನ್ ಲೈಡನ್ ವಾದ.

ಹಾಡು ಹೊರಬಂದ ಬಗೆಯೂ ಸುಲಭದ್ದಲ್ಲ. ಟಿ.ವಿ. ಸಂದರ್ಶನವೊಂದರಲ್ಲಿ ಆಡಿದ ಬೈಗುಳದ ರಾದ್ಧಾಂತದ ನಂತರ ಇಎಂಐ ಕಂಪನಿ ತಂಡವನ್ನು ಕೈಬಿಟ್ಟಿತು. 1977ರ ಮಾರ್ಚ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಎದುರು ಎಲ್ಲರ ಕಣ್ಣೆದುರೇ ಒಪ್ಪಂದಕ್ಕೆ ಸಹಿ ಹಾಕಿದ ಎ ಅಂಡ್ ಎಂ ಕಂಪನಿ ಒಂದು ವಾರದೊಳಗೆ ಹಿಂದೆ ಸರಿದು, ಮುದ್ರಿಸಿದ್ದ ಸುಮಾರು 25 ಸಾವಿರ ಪ್ರತಿಗಳಲ್ಲಿ ಬಹುತೇಕವನ್ನು ನಾಶಪಡಿಸಿತು. ಕೊನೆಗೆ ಮೇ 27ರಂದು ವರ್ಜಿನ್ ಸಂಸ್ಥೆ ಅದನ್ನು ಬಿಡುಗಡೆ ಮಾಡಿತು. ಜೇಮಿ ರೀಡ್ ರೂಪಿಸಿದ ಹೊದಿಕೆಯಲ್ಲಿ ರಾಣಿಯ ಕಣ್ಣು ಮತ್ತು ಬಾಯಿಗಳ ಮೇಲೆ ಪತ್ರಿಕೆಯಿಂದ ಕತ್ತರಿಸಿದಂಥ ಅಕ್ಷರಗಳನ್ನು ಅಂಟಿಸಲಾಗಿತ್ತು. ಹಾಡು ಕೇಳದವರನ್ನೂ ಕೆರಳಿಸಲು ಅಷ್ಟು ಸಾಕಾಗಿತ್ತು.

ಬಿಬಿಸಿ ಪ್ರಸಾರಕ್ಕೆ ನಿಷೇಧ ಹೇರಿತು. ಖಾಸಗಿ ಬಾನುಲಿ ಕೇಂದ್ರಗಳೂ ಬಾಗಿಲು ಹಾಕಿದವು. ವೂಲ್‌ವರ್ತ್ಸ್, ಬೂಟ್ಸ್, ಡಬ್ಲ್ಯು.ಎಚ್. ಸ್ಮಿತ್‌ನಂಥ ದೊಡ್ಡ ಮಳಿಗೆಗಳು ಮಾರಾಟಕ್ಕೆ ಒಪ್ಪಲಿಲ್ಲ. ಆದರೂ ಹಾಡು ಅಧಿಕೃತ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಮೊದಲನೆಯದು ರಾಡ್ ಸ್ಟೀವರ್ಟ್ ಪಾಲಾಯಿತು. ಎನ್‌ಎಂಇ ಪತ್ರಿಕೆಯ ಪಟ್ಟಿಯಲ್ಲಿ ಮಾತ್ರ ಪಿಸ್ಟಲ್ಸ್‌ಗೇ ಅಗ್ರಸ್ಥಾನ. ರಜತೋತ್ಸವದ ವಾರ ರಾಜಮನೆತನಕ್ಕೆ ಮುಜುಗರವಾಗದಿರಲೆಂದು ಲೆಕ್ಕವನ್ನೇ ತಿರುಚಲಾಯಿತು, ವರ್ಜಿನ್‌ನ ಸ್ವಂತ ಅಂಗಡಿಗಳ ಮಾರಾಟವನ್ನು ಗಣನೆಯಿಂದ ಕೈಬಿಡಲಾಯಿತು ಎಂಬ ಆರೋಪ ಅಂದಿನಿಂದಲೂ ಇದೆ. ಅದು ಸಾಬೀತಾಗಿಲ್ಲ. ಆದರೆ ಹೆಸರನ್ನೇ ಅಳಿಸಿದ ಪಟ್ಟಿಯನ್ನು ಕಂಡವರು ಆರೋಪವನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಜೂನ್ 7ರಂದು, ರಜತೋತ್ಸವದ ಸಾರ್ವತ್ರಿಕ ರಜೆಯ ದಿನ, ತಂಡವು ಥೇಮ್ಸ್ ನದಿಯಲ್ಲಿ ದೋಣಿಯೊಂದನ್ನು ಬಾಡಿಗೆಗೆ ಪಡೆದು ಸಂಸತ್ ಭವನದ ಸಮೀಪ ಹಾಡಿತು. ದೋಣಿಯ ಹೆಸರೂ ‘ಕ್ವೀನ್ ಎಲಿಜಬೆತ್’! ಪೊಲೀಸರು ಅದನ್ನು ದಡಕ್ಕೆ ತಂದು, ತಂಡದ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್ ಸೇರಿದಂತೆ ಹಲವರನ್ನು ಬಂಧಿಸಿದರು.

ಅಲ್ಲಿಗೇ ನಿಂತಿದ್ದರೆ ಇದನ್ನು ಪ್ರಚಾರದ ತಂತ್ರವೆನ್ನಬಹುದಿತ್ತು. ಆದರೆ ಅದೇ ತಿಂಗಳು ಉತ್ತರ ಲಂಡನ್‌ನ ಪಬ್ ಒಂದರ ಹೊರಗೆ ಗುಂಪೊಂದು ಲೈಡನ್ ಮೇಲೆ ಹರಿತವಾದ ಆಯುಧಗಳಿಂದ ಎರಗಿ ಗಾಯಗೊಳಿಸಿತು. ಡ್ರಮ್ ವಾದಕ ಪಾಲ್ ಕುಕ್ ಕೂಡ ಬೀದಿಯಲ್ಲಿ ಏಟು ತಿಂದರು. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಹೊತ್ತಿದ ಕಿಚ್ಚಿನ ಬೆಲೆ ತೆತ್ತವರು ಇಪ್ಪತ್ತರ ಆಸುಪಾಸಿನ ಈ ಹುಡುಗರು.

2022ರಲ್ಲಿ ರಾಣಿಯ 70ನೇ ವರ್ಷದ ಉತ್ಸವಕ್ಕೆ ಹಾಡು ಮರುಬಿಡುಗಡೆಯಾಯಿತು. ಆ ವೇಳೆಗೆ ಲೈಡನ್, ತಮ್ಮ ವಿರೋಧ ರಾಜಪ್ರಭುತ್ವಕ್ಕೇ ಹೊರತು ರಾಣಿಯ ವ್ಯಕ್ತಿತ್ವಕ್ಕಲ್ಲ ಎನ್ನತೊಡಗಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ರಾಣಿ ನಿಧನರಾದಾಗ, ಆ ಸಾವನ್ನು ಹಣ ಮಾಡಿಕೊಳ್ಳಲು ಬಳಸುವ ಯಾವುದೇ ಚಟುವಟಿಕೆಗೂ ತಮಗೂ ಸಂಬಂಧವಿಲ್ಲವೆಂದು ಹೇಳಿಕೆ ಹೊರಡಿಸಿದರು. ಎ ಅಂಡ್ ಎಂ ನಾಶಪಡಿಸಲು ಹೊರಟು ಅಳಿದುಳಿದ ಬೆರಳೆಣಿಕೆಯ ಪ್ರತಿಗಳು ಸಂಗ್ರಾಹಕರ ನಡುವೆ ಸಾವಿರಾರು ಪೌಂಡ್‌ಗಳಿಗೆ ಮಾರಾಟವಾಗಿವೆ.